ಒಂದೇ ಮನೆ, ಒಂದೇ ಡ್ರಮ್ಮಿನ ಸೊಳ್ಳೆ: ಮಗು ಮಾತ್ರ ಯಾಕೆ ಮಲಗಿತು?

2024ರ ಜುಲೈ. ನಮ್ಮ ಅಣ್ಣನ ಮನೆಯಲ್ಲಿ ಹತ್ತು ದಿನದೊಳಗೆ ಮೂವರಿಗೆ ಡೆಂಗಿ ಜ್ವರ ಬಂತು. ನಾಲ್ಕು ದಿನಕ್ಕೊಮ್ಮೆ ನಲ್ಲಿ ನೀರು ಬಿಡುವ ಊರು ಅದು. ಹಿತ್ತಲಲ್ಲಿ ನೀಲಿ ಡ್ರಮ್ಮು ಇಲ್ಲದ ಮನೆಯೇ ಇಲ್ಲ. ಅಣ್ಣನ ಮನೆಯ ಡ್ರಮ್ಮಿನ ಮುಚ್ಚಳ ಒಂದು ಕಡೆ ಸೀಳಿತ್ತು. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಕೂದಲೆಳೆಯಂಥ ಮರಿಹುಳುಗಳು ಕೊಂಕುತ್ತಾ ಮೇಲೆ ಕೆಳಗೆ ಓಡಾಡುತ್ತಿದ್ದವು.

ಅಣ್ಣ ಮೂರು ದಿನ ಮೈಕೈ ನೋವು ಅಂತ ಮಲಗಿದ್ದು, ನಾಲ್ಕನೇ ದಿನ ಎದ್ದು ಕೆಲಸಕ್ಕೆ ಹೋದ. ಅಮ್ಮನಿಗೆ ಬರೀ ಒಂದು ದಿನ ಮೈ ಬೆಚ್ಚಗಿತ್ತು. ಅತ್ತಿಗೆಗೆ ಏನೂ ಆಗಲಿಲ್ಲ. ಒಂಬತ್ತು ವರ್ಷದ ಮಗಳ ಜ್ವರ ಮಾತ್ರ ಎಳೆಯಿತು. ಐದನೇ ದಿನ ಮೈ ತಣ್ಣಗಾಯಿತು, ಸದ್ಯ ಜ್ವರ ಬಿಟ್ಟಿತು ಅಂತ ಎಲ್ಲರೂ ಸಮಾಧಾನಪಟ್ಟುಕೊಂಡರು. ಅದೇ ಸಂಜೆ ಅವಳು ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗಿದಳು. ಕೈಕಾಲು ತಣ್ಣಗೆ, ತುಟಿ ಒಣಗಿ ಬಿರುಕು ಬಿಟ್ಟಿತ್ತು.

ಆಸ್ಪತ್ರೆಯಲ್ಲಿ ಡಾಕ್ಟರು ಮೊದಲು ಮಾಡಿದ್ದು ಅವಳ ಬೆರಳಿನ ಉಗುರನ್ನು ಒತ್ತಿ ಹಿಡಿದು ಬಿಟ್ಟದ್ದು. ಬಿಳಿಚಿದ ಉಗುರಿಗೆ ಕೆಂಪು ವಾಪಸ್ ಬರಲು ಎಷ್ಟು ಹೊತ್ತು ಬೇಕು ಅಂತ ನೋಡಿದರು. ಎರಡು ಸೆಕೆಂಡಿನೊಳಗೆ ಬರಬೇಕು. ಅವಳಿಗೆ ನಾಲ್ಕು ಹಿಡಿಯಿತು. ಡ್ರಿಪ್ ಹಾಕಿ, ರಕ್ತ ತೆಗೆದು ಕಳಿಸಿ, ಆಮೇಲೆ ಅತ್ತಿಗೆಯ ಕಡೆ ತಿರುಗಿದರು. "ಇವಳಿಗೆ ಹಿಂದೆ ಯಾವಾಗಾದ್ರೂ ಡೆಂಗಿ ಬಂದಿತ್ತಾ ಅಮ್ಮ?"

ಇಲ್ಲ ಎಂದರು ಅತ್ತಿಗೆ. ಆದರೆ ರಿಪೋರ್ಟಿನಲ್ಲಿ ಐಜಿಜಿ (ಸೋಂಕಿನ ನೆನಪಾಗಿ ರಕ್ತದಲ್ಲಿ ಉಳಿಯುವ ಆ್ಯಂಟಿಬಾಡಿ) ಅನ್ನುವ ಸಾಲಿನ ಮುಂದೆ ದೊಡ್ಡ ಸಂಖ್ಯೆ ಇತ್ತು. ಮೊದಲ ಸಲದ ಸೋಂಕಿನಲ್ಲಿ ಅದು ಇಷ್ಟು ಬೇಗ, ಇಷ್ಟು ಎತ್ತರಕ್ಕೆ ಏರುವುದಿಲ್ಲ. ಅಂದರೆ ಅವಳ ಮೈಗೆ ಡೆಂಗಿ ಹೊಸದಲ್ಲ. ಆಗ ಅತ್ತಿಗೆಗೆ ನೆನಪಾಯಿತು. ನಾಲ್ಕನೇ ವಯಸ್ಸಿನಲ್ಲಿ ಅಜ್ಜಿ ಊರಿಗೆ ಹೋಗಿದ್ದಾಗ ಮೂರು ದಿನ ಜ್ವರ ಬಂದಿತ್ತು. ವೈರಲ್ ಫೀವರ್ ಅಂತ ಹೇಳಿ ಸಿರಪ್ ಕೊಟ್ಟು ಕಳಿಸಿದ್ದರು.

ಮಗು ಒಂದು ವಾರದಲ್ಲಿ ಮನೆಗೆ ಬಂತು. ಅದು ನಮ್ಮ ಪುಣ್ಯ. ಆದರೆ ನೋಡಲು ಬಂದವರ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. "ಮಗೂಗೆ ಇಮ್ಯುನಿಟಿ ಕಮ್ಮಿ ಕಣಮ್ಮ. ಹೊಟ್ಟೆಗೆ ಸರಿಯಾಗಿ ಹಾಕ್ತೀಯೋ ಇಲ್ವೋ?" ಅತ್ತಿಗೆ ಅಡುಗೆಮನೆಗೆ ಹೋಗಿ ಅತ್ತರು. ಈ ಲೇಖನ ಬರೆಯಲು ಕೂತಿದ್ದು ಆ ಮಾತು ತಪ್ಪು ಎಂದು ತೋರಿಸಲು. ಆ ಮಗುವಿನ ಇಮ್ಯುನಿಟಿ ಕಮ್ಮಿ ಇರಲಿಲ್ಲ. ಅದು ಹಿಂದಿನ ಸಲ ಕಲಿತ ಪಾಠವನ್ನೇ ನಂಬಿಕೊಂಡು, ಈ ಸಲ ಬಂದ ಬೇರೆ ವೈರಸ್ಸಿನ ಮೇಲೆ ಜೋರಾಗಿಯೇ ಬಿದ್ದಿತ್ತು.

ರೋಗನಿರೋಧಕ ಶಕ್ತಿ ಅಂದ ಕೂಡಲೇ ನಮ್ಮ ಕಣ್ಣಮುಂದೆ ಬರುವುದು ಒಂದು ತೊಟ್ಟಿ. ತುಂಬಿದ್ದರೆ ರೋಗ ಬರುವುದಿಲ್ಲ, ಖಾಲಿಯಾದರೆ ಬರುತ್ತದೆ. ಕಷಾಯ ಕುಡಿದರೆ ತುಂಬುತ್ತದೆ, ಟಾನಿಕ್ ತಗೊಂಡರೆ ಇನ್ನೂ ತುಂಬುತ್ತದೆ. ಕೋವಿಡ್ ಕಾಲದಲ್ಲಿ ಈ ಚಿತ್ರ ಮನೆಮನೆಗೂ ಹೊಕ್ಕಿತು. ಒಳ್ಳೆ ಊಟ, ನಿದ್ದೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಅಪೌಷ್ಟಿಕತೆ ಇರುವ ಮಕ್ಕಳು ಭೇದಿಗೂ ನ್ಯುಮೋನಿಯಾಕ್ಕೂ ಜಾಸ್ತಿ ಸಾಯುತ್ತಾರೆ ಎನ್ನುವುದೂ ನಿಜ. ಆದರೆ ಮೈಯೊಳಗೆ ತೊಟ್ಟಿ ಅನ್ನುವುದು ಎಲ್ಲೂ ಇಲ್ಲ. ಅಲ್ಲಿ ಇರುವುದು ಎರಡು: ಅಪ್ಪ ಅಮ್ಮನಿಂದ ಬಂದ ಜೀನುಗಳು, ಮತ್ತು ಹುಟ್ಟಿದಾಗಿನಿಂದ ಬಂದುಹೋದ ಸೋಂಕುಗಳ ನೆನಪು. ಯಾವ ರೋಗ ಯಾರಿಗೆ ಎಷ್ಟು ಜೋರಾಗಿ ಬರುತ್ತದೆ ಅನ್ನುವುದರಲ್ಲಿ ಈ ಎರಡರದ್ದೂ ದೊಡ್ಡ ಪಾಲು. ಡೆಂಗಿಯಷ್ಟು ಚೆನ್ನಾಗಿ ಇದನ್ನು ತೋರಿಸುವ ರೋಗ ಕಡಿಮೆ.

ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆಗಳಿವೆ. ಒಂದು, ಎರಡು, ಮೂರು, ನಾಲ್ಕು ಅಂತಲೇ ಅವುಗಳ ಹೆಸರು. ಅಣ್ಣತಮ್ಮಂದಿರ ಹಾಗೆ ಹೋಲಿಕೆ ಇದೆ, ಆದರೆ ಒಂದೇ ಅಲ್ಲ. ಒಂದನೇ ಬಗೆ ಬಂದು ಹೋದರೆ ಅದರ ವಿರುದ್ಧ ಆ್ಯಂಟಿಬಾಡಿಗಳು, ಅಂದರೆ ವೈರಸ್ಸಿಗೆ ಅಂಟಿಕೊಂಡು ಅದನ್ನು ತಡೆಯುವ ಪ್ರೋಟೀನುಗಳು, ಹುಟ್ಟುತ್ತವೆ. ಆ ಬಗೆ ಮತ್ತೆ ಬಂದರೆ ಸಾಮಾನ್ಯವಾಗಿ ಕಾಯುತ್ತವೆ. ಉಳಿದ ಮೂರರಿಂದಲೂ ಕೆಲವು ತಿಂಗಳ ಮಟ್ಟಿಗೆ ರಕ್ಷಣೆ ಇರುತ್ತದೆ, ಆಮೇಲೆ ಅದು ಕರಗುತ್ತದೆ. ತೊಂದರೆ ಶುರುವಾಗುವುದು ಅಲ್ಲಿಂದ. ಇನ್ನೊಂದು ಬಗೆಯ ವೈರಸ್ ಒಳಗೆ ಬಂದಾಗ ಹಳೆಯ ಆ್ಯಂಟಿಬಾಡಿಗಳು ಇದು ಪರಿಚಯದ ಮುಖ ಅಂತ ಹೋಗಿ ಅಂಟಿಕೊಳ್ಳುತ್ತವೆ. ಆದರೆ ಹಿಡಿತ ಸಡಿಲ. ವೈರಸ್ಸನ್ನು ಕಟ್ಟಿಹಾಕಲು ಆಗುವುದಿಲ್ಲ.

ನಮ್ಮ ರಕ್ತದಲ್ಲಿ ಕಸ ನುಂಗುವ ಕೆಲವು ಬಿಳಿ ಕಣಗಳಿವೆ. ಆ್ಯಂಟಿಬಾಡಿ ಅಂಟಿಸಿಕೊಂಡು ಬಂದದ್ದನ್ನೆಲ್ಲ ಒಳಗೆಳೆದುಕೊಂಡು ಅರಗಿಸುವುದು ಅವುಗಳ ಕೆಲಸ. ಸಡಿಲವಾಗಿ ಆ್ಯಂಟಿಬಾಡಿ ಅಂಟಿದ ಡೆಂಗಿ ವೈರಸ್ಸನ್ನೂ ಹಾಗೇ ಒಳಗೆ ಎಳೆದುಕೊಳ್ಳುತ್ತವೆ. ಡೆಂಗಿ ವೈರಸ್ ಬೆಳೆಯುವುದೇ ಆ ಕಣಗಳಲ್ಲಿ! ಕಾವಲುಗಾರನೇ ಕಳ್ಳನ ಕೈಹಿಡಿದು ಮನೆಯೊಳಗೆ ಕರೆತಂದ ಹಾಗೆ. ವೈರಸ್ ಬೇಗ ಬೇಗ ಹೆಚ್ಚುತ್ತದೆ. ಅದನ್ನು ಕಂಡು ದೇಹ ಎಲ್ಲಾ ಕಡೆ ಅಪಾಯದ ಗಂಟೆ ಬಾರಿಸುತ್ತದೆ. ಆ ಗದ್ದಲದಲ್ಲಿ ಸಣ್ಣ ರಕ್ತನಾಳಗಳ ಗೋಡೆ ಸೋರಲು ಶುರುವಾಗುತ್ತದೆ. ರಕ್ತದ ನೀರಿನಂಶ ಹೊಟ್ಟೆಗೂ ಎದೆಗೂ ಇಳಿಯುತ್ತದೆ. ನಾಳದೊಳಗೆ ಉಳಿದ ರಕ್ತ ಗಟ್ಟಿಯಾಗುತ್ತದೆ, ಬಿಪಿ ಬೀಳುತ್ತದೆ. ಉಗುರಿಗೆ ಕೆಂಪು ವಾಪಸ್ ಬರಲು ನಾಲ್ಕು ಸೆಕೆಂಡ್ ಹಿಡಿದದ್ದು ಅದಕ್ಕೇ.

ಇದನ್ನು ಮೊದಲು ಗಂಭೀರವಾಗಿ ಹೇಳಿದವರು ಅಮೆರಿಕದ ವೈದ್ಯ ಸ್ಕಾಟ್ ಹಾಲ್ಸ್‌ಟೆಡ್. 1960ರ ದಶಕದಲ್ಲಿ ಬ್ಯಾಂಕಾಕಿನಲ್ಲಿ ಡೆಂಗಿಯಿಂದ ಕುಸಿದು ಬೀಳುತ್ತಿದ್ದ ಮಕ್ಕಳನ್ನು ಅವರು ನೋಡುತ್ತಿದ್ದರು. ಆ ಮಕ್ಕಳು ಎರಡು ಗುಂಪಿನವರಾಗಿದ್ದರು. ಒಂದು ಗುಂಪು ಹಿಂದೆ ಒಮ್ಮೆ ಡೆಂಗಿ ಬಂದು ಹೋದ ಮಕ್ಕಳು. ಇನ್ನೊಂದು ಇನ್ನೂ ವರ್ಷ ತುಂಬದ ಕೂಸುಗಳು. ಕೂಸುಗಳಿಗೆ ಅದು ಮೊದಲ ಸೋಂಕು. ಹಾಗಿದ್ದೂ ಯಾಕೆ ಜೋರಾಯಿತು? ಅವುಗಳ ತಾಯಂದಿರಿಗೆ ಡೆಂಗಿ ಬಂದು ಹೋಗಿತ್ತು. ಬಸಿರಿನಲ್ಲಿದ್ದಾಗ ತಾಯಿಯ ಆ್ಯಂಟಿಬಾಡಿ ಮಗುವಿಗೆ ಹರಿದು ಬಂದಿತ್ತು. ಹುಟ್ಟಿದ ಮೊದಲ ಕೆಲವು ತಿಂಗಳು ಅದೇ ಆ್ಯಂಟಿಬಾಡಿ ಕೂಸನ್ನು ಕಾಯುತ್ತದೆ. ಆರೇಳು ತಿಂಗಳಿಗೆ ಅದು ಕರಗುತ್ತಾ ಬಂದು, ಕಾಯುವಷ್ಟು ಉಳಿಯದೆ, ಕೆಡಿಸುವಷ್ಟು ಮಾತ್ರ ಉಳಿದಿರುತ್ತದೆ. ತಾಯಿ ಕೊಟ್ಟ ರಕ್ಷೆಯೇ ಕೂಸಿಗೆ ಕಷ್ಟವಾಗುವ ಈ ಘಟ್ಟದ ಬಗ್ಗೆ ಓದಿದಾಗಲೆಲ್ಲ ನನಗೆ ಮನಸ್ಸು ಭಾರವಾಗುತ್ತದೆ.

ಹಾಲ್ಸ್‌ಟೆಡ್ ಮಾತಿಗೆ ಮನುಷ್ಯರಲ್ಲೇ ಗಟ್ಟಿ ಪುರಾವೆ ಸಿಗಲು ಐವತ್ತು ವರ್ಷ ಬೇಕಾಯಿತು. ನಿಕರಾಗುವಾದಲ್ಲಿ 6,684 ಮಕ್ಕಳ ರಕ್ತವನ್ನು ವರ್ಷ ವರ್ಷ ತೆಗೆದಿಟ್ಟು ನೋಡಿದ ಅಧ್ಯಯನ 2017ರಲ್ಲಿ ಹೊರಬಂತು. ಹಳೆಯ ಆ್ಯಂಟಿಬಾಡಿ ತುಂಬಾ ಇದ್ದ ಮಕ್ಕಳು ಚೆನ್ನಾಗಿದ್ದರು. ಏನೂ ಇಲ್ಲದವರಿಗೂ ಅಂಥ ಅಪಾಯ ಇರಲಿಲ್ಲ. ನಡುವಿನ ಒಂದು ಸಣ್ಣ ಮಟ್ಟದಲ್ಲಿ ಇದ್ದವರಿಗೆ ಮಾತ್ರ ತೀವ್ರ ಡೆಂಗಿಯ ಅಪಾಯ ಏಳು ಪಟ್ಟಿಗೂ ಮೇಲಿತ್ತು. ಇಮ್ಯುನಿಟಿ ತೊಟ್ಟಿ ಎನ್ನುವ ಚಿತ್ರ ಇಲ್ಲಿ ಪೂರ್ತಿ ಒಡೆಯುತ್ತದೆ, ಅಲ್ವಾ? ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಅರ್ಧಂಬರ್ಧ ಇದ್ದರೆ ಕಷ್ಟ.

ಈಗ ಇದನ್ನು ನಮ್ಮ ಕಡೆಗೆ ತನ್ನಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 2017 ಮತ್ತು 2018ರಲ್ಲಿ 15 ರಾಜ್ಯಗಳ 12 ಸಾವಿರಕ್ಕೂ ಹೆಚ್ಚು ಜನರ ರಕ್ತ ಪರೀಕ್ಷೆ ಮಾಡಿದರು. ವಯಸ್ಸು 5ರಿಂದ 45. ದೇಶದಲ್ಲಿ ಸುಮಾರು ಅರ್ಧ ಜನಕ್ಕೆ, ಅಂದರೆ ಶೇ 48.7ರಷ್ಟು ಮಂದಿಗೆ, ಡೆಂಗಿ ಬಂದು ಹೋದ ಗುರುತಿತ್ತು. ದಕ್ಷಿಣದಲ್ಲಿ ಆ ಸಂಖ್ಯೆ ಶೇ 76.9. ನಾಲ್ವರಲ್ಲಿ ಮೂವರು! ನಿಮ್ಮ ಓಣಿಯಲ್ಲಿ ನನಗೆ ಡೆಂಗಿ ಬಂದಿತ್ತು ಎಂದು ಹೇಳುವವರನ್ನು ಎಣಿಸಿ ನೋಡಿ. ಅಷ್ಟು ಜನ ಸಿಗುವುದಿಲ್ಲ. ಬಹಳಷ್ಟು ಮಂದಿಗೆ ಗೊತ್ತೇ ಆಗದೆ, ಇಲ್ಲವೇ ಸುಮ್ನೆ ಒಂದು ಜ್ವರವಾಗಿ ಬಂದು ಹೋಗಿದೆ. ಅವರ ಮೈಯಲ್ಲಿ ನೆನಪು ಮಾತ್ರ ಉಳಿದಿದೆ.

ಇಲ್ಲಿಗೆ ಕತೆ ಮುಗಿದಿದ್ದರೆ ಸುಲಭವಿತ್ತು. ಮೊದಲ ಸಲ ಹಗುರ, ಎರಡನೇ ಸಲ ಜೋರು ಅಂತ ಹೇಳಿ ಎದ್ದುಬಿಡಬಹುದಿತ್ತು. ಆದರೆ ಎರಡನೇ ಸಲ ಬಂದವರಲ್ಲೂ ಹೆಚ್ಚಿನವರು ಮನೆಯಲ್ಲೇ ಮಲಗಿ ಎದ್ದು ಹೋಗುತ್ತಾರೆ. ಅದಕ್ಕಿಂತ ಮುಖ್ಯವಾದದ್ದು 2024ರಲ್ಲಿ ಬಂದ ನಮ್ಮದೇ ದೇಶದ ಒಂದು ಅಧ್ಯಯನ. ಬೇರೆ ಬೇರೆ ಭಾಗದ ಮೂರು ಆಸ್ಪತ್ರೆಗಳ 619 ಮಕ್ಕಳನ್ನು ನೋಡಿದರು. ಅವರಲ್ಲಿ 344 ಮಕ್ಕಳಿಗೆ ಅದು ಮೊದಲ ಸೋಂಕು. ತೀವ್ರವಾದ 202 ಮಕ್ಕಳಲ್ಲಿ 112 ಮಕ್ಕಳಿಗೂ ಅದು ಮೊದಲನೆಯದು. ತೀರಿಕೊಂಡ ಏಳು ಮಕ್ಕಳಲ್ಲಿ ಐವರದ್ದೂ ಹಾಗೇ. ಆದ್ದರಿಂದ ಮೊದಲ ಸಲವಲ್ಲವೇ, ಏನೂ ಆಗಲ್ಲ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾನೂ ಈ ಲೆಕ್ಕ ಓದುವ ಮೊದಲು ಹಾಗೇ ಅಂದುಕೊಂಡಿದ್ದೆ.

ಹಾಗಾದರೆ ನೆನಪಿನ ಆಚೆ ಇನ್ನೇನೋ ಇದೆ. ಅಲ್ಲಿಗೆ ಜೀನುಗಳು ಬರುತ್ತವೆ.

ಕ್ಯೂಬಾದಲ್ಲಿ 1977ರಲ್ಲಿ ಒಂದನೇ ಬಗೆಯ ಡೆಂಗಿ ದ್ವೀಪದ ತುಂಬಾ ಹರಡಿತ್ತು. ನಾಲ್ಕು ವರ್ಷದ ಮೇಲೆ, 1981ರಲ್ಲಿ, ಎರಡನೇ ಬಗೆ ಬಂತು. 3 ಲಕ್ಷ 44 ಸಾವಿರ ಜನಕ್ಕೆ ಜ್ವರ, 158 ಸಾವು, ಅದರಲ್ಲಿ 101 ಮಕ್ಕಳು. ಹಳೆಯ ಆ್ಯಂಟಿಬಾಡಿಯ ಕತೆಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಡ. ಆದರೆ ಅಲ್ಲಿಯ ವೈದ್ಯರು ಇನ್ನೊಂದನ್ನೂ ಗಮನಿಸಿದರು. ಒಂದೇ ಊರಿನಲ್ಲಿದ್ದರೂ, ಆಫ್ರಿಕಾ ಮೂಲದವರಲ್ಲಿ ತೀವ್ರ ಡೆಂಗಿ ಉಳಿದವರಿಗಿಂತ ಕಡಿಮೆ ಇತ್ತು. ಹಿರಿಯರಿಂದ ಬಂದ ಯಾವುದೋ ಒಂದು ಅವರನ್ನು ಕಾಯುತ್ತಿತ್ತು.

ಮೂವತ್ತು ವರ್ಷದ ಮೇಲೆ ವಿಯೆಟ್ನಾಮಿನಲ್ಲಿ ಈ ಹುಡುಕಾಟ ಜೀನಿನ ಮಟ್ಟಕ್ಕೆ ಇಳಿಯಿತು. ಡೆಂಗಿಯಿಂದ ಶಾಕ್‌ಗೆ ಹೋದ, ಅಂದರೆ ಬಿಪಿ ಬಿದ್ದು ಕುಸಿದ, ಸುಮಾರು 2 ಸಾವಿರ ಮಕ್ಕಳ ಜೀನುಗಳನ್ನು, ಹಾಗಾಗದ ಅಷ್ಟೇ ಜನರ ಜೀನುಗಳ ಪಕ್ಕದಲ್ಲಿಟ್ಟು ಹೋಲಿಸಿದರು. 2011ರಲ್ಲಿ ಎರಡು ಜಾಗ ಸಿಕ್ಕವು. ಒಂದು 6ನೇ ಕ್ರೋಮೋಸೋಮಿನಲ್ಲಿ ಎಂಐಸಿಬಿ ಎಂಬ ಜೀನ್. ಸೋಂಕು ತಗುಲಿದ ಕೋಶವನ್ನು ಗುರುತಿಸಿ ಕೊಲ್ಲಲು ಕರೆಕೊಡುವ ಕೆಲಸದಲ್ಲಿ ಅದರ ಕೈ ಇದೆ. ಇನ್ನೊಂದು 10ನೇ ಕ್ರೋಮೋಸೋಮಿನಲ್ಲಿ ಪಿಎಲ್‌ಸಿಇ1. ಆ ಜೀನಿನಲ್ಲಿ ದೊಡ್ಡ ದೋಷವಿದ್ದರೆ ಮಕ್ಕಳ ಕಿಡ್ನಿಯ ಜರಡಿ ಕೆಟ್ಟು ಪ್ರೋಟೀನ್ ಸೋರಿ ಹೋಗುತ್ತದೆ ಅನ್ನುವುದು ಮೊದಲೇ ಗೊತ್ತಿತ್ತು. ಅಂದರೆ ಒಂದು ಜೀನ್ ವೈರಸ್ಸನ್ನು ಹಿಡಿಯುವುದಕ್ಕೆ ಸೇರಿದ್ದು, ಇನ್ನೊಂದು ಸೋರಿಕೆಗೆ ಹತ್ತಿರದ್ದು. ಡೆಂಗಿಯಲ್ಲಿ ಕೆಡುವುದೂ ಇವೆರಡೇ. ಆದರೆ ಇವುಗಳ ಪರಿಣಾಮ ತೀರಾ ಸಣ್ಣದು. ಈ ಜೀನ್ ಇದ್ದವರಿಗೆಲ್ಲ ಶಾಕ್ ಆಗುತ್ತದೆ ಅಂತ ಅಲ್ಲ. ಇದನ್ನು ನೋಡಿ ಯಾವ ಡಾಕ್ಟರೂ ಮುಂದಾಗುವುದನ್ನು ಹೇಳಲಾರರು. ಜೀನ್ ಪರೀಕ್ಷೆ ಮಾಡಿ ನಿಮ್ಮ ಇಮ್ಯುನಿಟಿ ಎಷ್ಟು ಅಂತ ಹೇಳುತ್ತೇವೆ ಎನ್ನುವವರಿಗೆ ದುಡ್ಡು ಕೊಡಬೇಡಿ.

ಸೋಂಕು ರೋಗದಲ್ಲಿ ಜೀನಿನ ಪಾಲು ಎಷ್ಟು ಎಂಬುದಕ್ಕೆ ನನಗೆ ತುಂಬಾ ಹಿಡಿಸಿದ ಅಧ್ಯಯನ ಡೆನ್ಮಾರ್ಕಿನದು, 1988ರದ್ದು. ದತ್ತು ಹೋದ ಸುಮಾರು 960 ಮಕ್ಕಳನ್ನು ತೆಗೆದುಕೊಂಡರು. ದತ್ತು ಮಕ್ಕಳು ಯಾಕೆ ಅಂದರೆ, ಅವರ ಜೀನ್ ಒಂದು ಮನೆಯದು, ಅನ್ನ ನೀರು ಇನ್ನೊಂದು ಮನೆಯದು. ಹೆತ್ತ ತಂದೆ ಅಥವಾ ತಾಯಿ 50 ತುಂಬುವ ಮೊದಲು ಸೋಂಕು ರೋಗದಿಂದ ಸತ್ತಿದ್ದರೆ, ಮಗು ಬೇರೆ ಮನೆಯಲ್ಲಿ ಬೆಳೆದಿದ್ದರೂ ಸೋಂಕಿನಿಂದ ಬೇಗ ಸಾಯುವ ಅಪಾಯ ಐದು ಪಟ್ಟಿಗಿಂತ ಹೆಚ್ಚಿತ್ತು. ಸಾಕಿದವರು ಸೋಂಕಿನಿಂದ ಸತ್ತಿದ್ದರೆ ಅಂಥ ಹೆಚ್ಚಳ ಕಾಣಲಿಲ್ಲ. ಸೋಂಕು ಅಂದರೆ ಬರೀ ಹೊರಗಿನಿಂದ ಬರುವುದು ಎಂದು ತಿಳಿದಿದ್ದವರಿಗೆ ಇದು ದೊಡ್ಡ ಪೆಟ್ಟು.

ಜೀನ್ ಕಾಯುವುದೂ ಕೊಲ್ಲುವುದೂ ಒಂದೇ ಕೈಯಿಂದ ಆಗಬಹುದು. ಇದನ್ನು ನೋಡಲು ದೂರ ಹೋಗಬೇಕಿಲ್ಲ. ಎಚ್.ಡಿ. ಕೋಟೆ, ಚಾಮರಾಜನಗರ, ಕೊಡಗಿನ ಹಾಡಿಗಳಿಗೆ ಹೋದರೆ ಸಾಕು. ಸಿಕಲ್ ಸೆಲ್ ರಕ್ತಹೀನತೆ ಅಲ್ಲಿಯ ಆದಿವಾಸಿ ಮನೆಗಳಲ್ಲಿ ಇದೆ. ನಮ್ಮ ದೇಶದಲ್ಲಿ ಇದು ಮೊದಲು ಕಂಡದ್ದೂ ಹತ್ತಿರದ ನೀಲಗಿರಿಯಲ್ಲಿ, 1952ರಲ್ಲಿ. ರಕ್ತದ ಕೆಂಪು ಬಣ್ಣಕ್ಕೆ ಕಾರಣವಾದ ಹಿಮೋಗ್ಲೋಬಿನ್ನಿನ ಜೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುತ್ತದೆ. ಅಷ್ಟಕ್ಕೇ ದುಂಡಗಿರಬೇಕಾದ ಕೆಂಪು ಕಣ ಕುಡುಗೋಲಿನ ಹಾಗೆ ಬಾಗುತ್ತದೆ. ಅಪ್ಪನಿಂದಲೂ ಅಮ್ಮನಿಂದಲೂ ಆ ಜೀನ್ ಬಂದರೆ ಬದುಕಿಡೀ ಮೂಳೆ ನೋವು, ರಕ್ತಹೀನತೆ, ಮತ್ತೆ ಮತ್ತೆ ಸೋಂಕು.

ಇಂಥ ಕೆಟ್ಟ ಜೀನ್ ಸಾವಿರಾರು ವರ್ಷ ಅಳಿಯದೆ ಉಳಿದದ್ದು ಹೇಗೆ? ಒಬ್ಬರಿಂದ ಮಾತ್ರ ಬಂದರೆ ಆ ಮನುಷ್ಯನಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ. ತೀವ್ರ ಮಲೇರಿಯಾದಿಂದ ಹೆಚ್ಚುಕಡಿಮೆ ಶೇ 90ರಷ್ಟು ರಕ್ಷಣೆ ಬೇರೆ. ಥಲಸೇಮಿಯಾ ಎಂಬ ಇನ್ನೊಂದು ಆನುವಂಶಿಕ ರಕ್ತದ ಕಾಯಿಲೆಯ ವಿಷಯದಲ್ಲಿ ಇಂಥದ್ದೊಂದು ಲೆಕ್ಕ ಇರಬಹುದು ಎಂದು 1949ರಲ್ಲೇ ಊಹಿಸಿದವರು ಜೆ.ಬಿ.ಎಸ್. ಹಾಲ್ಡೇನ್. ಕೊನೆಗಾಲಕ್ಕೆ ಭಾರತಕ್ಕೆ ಬಂದು, ಇಲ್ಲಿಯ ಪೌರರಾಗಿ, ಭುವನೇಶ್ವರದಲ್ಲಿ ಕಣ್ಣು ಮುಚ್ಚಿದ ವಿಜ್ಞಾನಿ. ಸಿಕಲ್ ಸೆಲ್ ವಿಷಯದಲ್ಲಿ ಅದನ್ನು 1954ರಲ್ಲಿ ಪೂರ್ವ ಆಫ್ರಿಕಾದಲ್ಲಿ ತೋರಿಸಿದವರು ಆಂಟನಿ ಅಲಿಸನ್. ಕಾಡಿನ ಅಂಚಿನಲ್ಲಿ, ಮಲೇರಿಯಾ ನಡುವೆ ತಲೆಮಾರುಗಳನ್ನು ದಾಟಿಸಿದ ಜೀನ್ ಅದು.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಕೇಂದ್ರ ಸರ್ಕಾರ ಸಿಕಲ್ ಸೆಲ್ ನಿರ್ಮೂಲನೆಯ ಕಾರ್ಯಕ್ರಮ ಶುರುಮಾಡಿತು. 40 ವರ್ಷದೊಳಗಿನ 7 ಕೋಟಿ ಜನರ ರಕ್ತ ಪರೀಕ್ಷೆ ಮಾಡಿ, ಕಾರ್ಡ್ ಕೊಡುವುದು ಗುರಿ. ಒಳ್ಳೆಯ ಕೆಲಸ. ಇಬ್ಬರಲ್ಲೂ ಆ ಜೀನ್ ಇದ್ದರೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಮಗುವಿಗೆ ಕಾಯಿಲೆ ಬರುವ ಸಾಧ್ಯತೆ. ಅದನ್ನು ಮೊದಲೇ ತಿಳಿದುಕೊಳ್ಳುವುದು ಜಾಣತನ. ಆದರೆ ಆ ಕಾರ್ಡು ಹುಡುಗಿಯ ಮದುವೆ ಮುರಿಯುವ ಕಾಗದ ಆಗಬಾರದು ಅನ್ನುವುದು ನನ್ನ ಕಾಳಜಿ. ಕಾರ್ಡು ಕೊಡುವ ಕೈಯೇ ಕೂತು ಅರ್ಧ ಗಂಟೆ ಮಾತಾಡಬೇಕು. ಒಂದೇ ಜೀನ್ ಇರುವವರು ರೋಗಿಗಳಲ್ಲ ಅಂತ ಹಾಡಿಯ ಮಾತಿನಲ್ಲಿ ಹೇಳಬೇಕು.

ಕೋವಿಡ್ ಕೂಡ ಇದೇ ಪಾಠವನ್ನು ಬೇರೆ ದಾರಿಯಿಂದ ಹೇಳಿತು. 3ನೇ ಕ್ರೋಮೋಸೋಮಿನ ಒಂದು ತುಣುಕು ಇದ್ದವರಿಗೆ ಕೋವಿಡ್ ಜೋರಾಗುತ್ತಿತ್ತು. ಅದು ಯಾವತ್ತೋ ಅಳಿದುಹೋದ ನಿಯಾಂಡರ್ತಾಲ್ ಎಂಬ ಆದಿಮಾನವರಿಂದ ಬಂದದ್ದು ಅಂತ 2020ರಲ್ಲಿ ಹ್ಯೂಗೊ ಝೆಬರ್ಗ್ ಮತ್ತು ಸ್ವಾಂಟೆ ಪಾಬೊ ತೋರಿಸಿದರು. ಯುರೋಪಿನಲ್ಲಿ ಸುಮಾರು ಶೇ 16 ಜನರಲ್ಲಿ ಅದಿದೆ, ದಕ್ಷಿಣ ಏಷ್ಯಾದಲ್ಲಿ ಸುಮಾರು ಶೇ 50 ಜನರಲ್ಲಿ. ಅದೇ ವರ್ಷ ಇನ್ನೊಂದು ಸಂಗತಿ ಹೊರಬಂತು. ಕೋವಿಡ್‌ನಿಂದ ಉಸಿರಾಟಕ್ಕೇ ಕಷ್ಟವಾದ 987 ರೋಗಿಗಳಲ್ಲಿ 101 ಮಂದಿಯ ರಕ್ತದಲ್ಲಿ, ವೈರಸ್ ಬಂತು ಅಂತ ಮೊದಲು ಕೂಗಿ ಹೇಳುವ ಇಂಟರ್‌ಫೆರಾನ್ ಎಂಬ ವಸ್ತುವನ್ನೇ ಹಿಡಿದು ಬಾಯಿ ಮುಚ್ಚಿಸುವ ಆ್ಯಂಟಿಬಾಡಿಗಳಿದ್ದವು. ಅವರಲ್ಲಿ 95 ಮಂದಿ ಗಂಡಸರು. ಇಂಥ ಆ್ಯಂಟಿಬಾಡಿ ಇರುವುದು ಹೊರನೋಟಕ್ಕೆ ಕಾಣುವುದಿಲ್ಲ. ಗಟ್ಟಿಮುಟ್ಟಾಗಿದ್ದವರು ಹೋದಾಗ ವ್ಯಾಯಾಮ ಮಾಡ್ತಿದ್ರು, ಆದರೂ ಯಾಕೆ ಹೀಗಾಯ್ತು ಅಂತ ನಾವೆಲ್ಲ ಕೇಳಿಕೊಂಡಿದ್ದೆವು.

ಇಷ್ಟೆಲ್ಲಾ ಓದಿ ಎಲ್ಲವೂ ಹಣೆಬರಹ ಅಂದುಕೊಳ್ಳುವುದು ಬೇಡ. 2015ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನವರು 105 ಜೋಡಿ ಅವಳಿಗಳ ರಕ್ತವನ್ನು 204 ಬಗೆಯಲ್ಲಿ ಅಳೆದು ನೋಡಿದರು. ಎಂಟು ವರ್ಷದ ಮಕ್ಕಳಿಂದ ಎಂಬತ್ತು ದಾಟಿದವರವರೆಗೆ. ತದ್ರೂಪಿ ಅವಳಿಗಳ ಜೀನ್ ಒಂದೇ. ಹಾಗಿದ್ದೂ ಆ ಅಳತೆಗಳಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚಿನವು ಜೀನಿಗಿಂತ ಬದುಕಿನ ಮೇಲೆ ನಿಂತಿದ್ದವು. ವಯಸ್ಸಾದ ಹಾಗೆ ಅವಳಿಗಳ ಇಮ್ಯುನಿಟಿ ಒಂದರಿಂದ ಒಂದು ದೂರ ಸರಿದಿತ್ತು. ಸಿಎಂವಿ ಎಂಬ ಒಂದೇ ಒಂದು ಸಾಮಾನ್ಯ ವೈರಸ್ ಒಬ್ಬರಿಗೆ ತಗುಲಿ ಇನ್ನೊಬ್ಬರಿಗೆ ತಗುಲದಿದ್ದರೆ ಅರ್ಧಕ್ಕಿಂತ ಜಾಸ್ತಿ ಅಳತೆಗಳು ಬೇರೆಯಾಗಿದ್ದವು. ಡೆನ್ಮಾರ್ಕಿನ ಲೆಕ್ಕಕ್ಕೂ ಇದಕ್ಕೂ ಜಗಳವಿಲ್ಲ. ಚಿಕ್ಕ ವಯಸ್ಸಿನ ಸಾವು ನೋಡಿದರೆ ಜೀನ್ ದೊಡ್ಡದಾಗಿ ಕಾಣುತ್ತದೆ. ಬದುಕಿ ಉಳಿದವರ ರಕ್ತ ನೋಡಿದರೆ ಬದುಕೇ ದೊಡ್ಡದಾಗಿ ಕಾಣುತ್ತದೆ.

ಈ ನೆನಪಿನ ವಿಚಾರ ಬರೀ ಪಂಡಿತರ ಚರ್ಚೆಯಲ್ಲ ಅನ್ನುವುದಕ್ಕೆ ಫಿಲಿಪ್ಪೀನ್ಸ್ ನೋಡಿ. ಅಲ್ಲಿ 2016ರ ಏಪ್ರಿಲ್‌ನಿಂದ ಶಾಲೆ ಮಕ್ಕಳಿಗೆ ಡೆಂಗ್‌ವ್ಯಾಕ್ಸಿಯಾ ಲಸಿಕೆ ಹಾಕಿದರು. 8 ಲಕ್ಷಕ್ಕೂ ಹೆಚ್ಚು ಮಕ್ಕಳು. 2017ರ ನವೆಂಬರಿನಲ್ಲಿ ತಯಾರಕರೇ ಒಂದು ಮಾತು ಹೇಳಿದರು: ಮೊದಲು ಡೆಂಗಿ ಬಂದಿದ್ದವರಿಗೆ ಇದು ಒಳ್ಳೆಯದು, ಬರದೇ ಇದ್ದವರಿಗೆ ಮುಂದೆ ಬರುವ ಡೆಂಗಿ ಜೋರಾಗಬಹುದು. ಏನೂ ಬರದ ಮಗುವಿಗೆ ಲಸಿಕೆಯೇ ಮೊದಲ ಸೋಂಕಿನ ಹಾಗೆ ಕೆಲಸ ಮಾಡಿತ್ತು. ಕಾರ್ಯಕ್ರಮ ನಿಂತಿತು. ಅದಕ್ಕಿಂತ ದೊಡ್ಡ ನಷ್ಟ, ತಾಯಂದಿರು ಬೇರೆ ಲಸಿಕೆಗಳನ್ನೂ ನಂಬದಾದರು. 2019ರಲ್ಲಿ ಅಲ್ಲಿ ದಡಾರ ಜೋರಾಗಿ ಹರಡಿತು.

ನಮ್ಮಲ್ಲಿ ಡೆಂಗಿಆಲ್ ಎಂಬ ಲಸಿಕೆಯ ಮೂರನೇ ಹಂತದ ಪ್ರಯೋಗ 2024ರಲ್ಲಿ ಶುರುವಾಯಿತು. ಪನೇಸಿಯಾ ಬಯೋಟೆಕ್ ಕಂಪನಿ ಮತ್ತು ವೈದ್ಯಕೀಯ ಸಂಶೋಧನಾ ಮಂಡಳಿ ಸೇರಿ 2024ರ ಆಗಸ್ಟ್‌ನಲ್ಲಿ ಹರಿಯಾಣದ ರೋಹ್ತಕ್‌ನಲ್ಲಿ ಮೊದಲ ಚುಚ್ಚುಮದ್ದು ಕೊಟ್ಟರು. 19 ಕೇಂದ್ರ, 10 ಸಾವಿರಕ್ಕೂ ಹೆಚ್ಚು ವಯಸ್ಕರು. ನಾಲ್ಕೂ ಬಗೆಯ ವಿರುದ್ಧ ಒಂದೇ ಲಸಿಕೆ. ನಾಲ್ಕಕ್ಕೂ ಸಮನಾಗಿ ಕೆಲಸ ಮಾಡಬೇಕು, ಒಂದು ಬಗೆಗೆ ಅರ್ಧಂಬರ್ಧ ರಕ್ಷಣೆ ಕೊಟ್ಟರೂ ಅದೇ ತೊಡಕು. ಫಲಿತಾಂಶ ಬಂದಾಗ ನಾನು ಮೊದಲು ಹುಡುಕುವುದು ಒಂದೇ ಸಾಲು: ಹಿಂದೆ ಡೆಂಗಿ ಬರದವರಲ್ಲಿ ಅದು ಹೇಗೆ ನಡೆಯಿತು? ಲಸಿಕೆ ಬೇಡ ಎನ್ನುವವನು ನಾನಲ್ಲ. ಬೇಗ ಬರಲಿ. ಆ ಸಾಲನ್ನು ಮುಚ್ಚಿಡದೆ ಬರಲಿ.

2024ರ ಸೆಪ್ಟೆಂಬರಿನಲ್ಲಿ, ರಾಜ್ಯದಲ್ಲಿ 25 ಸಾವಿರಕ್ಕೂ ಹೆಚ್ಚು ಪ್ರಕರಣಗಳಾದ ಮೇಲೆ, ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗ ಎಂದು ಅಧಿಸೂಚನೆ ಹೊರಡಿಸಿತು. ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ಅಂತಲೂ ಆಯಿತು. ನಾಲ್ಕು ದಿನಕ್ಕೊಮ್ಮೆ ನೀರು ಕೊಟ್ಟು, ಡ್ರಮ್ಮಿನಲ್ಲಿ ನೀರಿಟ್ಟವರಿಗೆ ದಂಡ ಹಾಕುವುದು ನನಗೆ ನ್ಯಾಯ ಅನ್ನಿಸುವುದಿಲ್ಲ. ಜೀನ್ ನಮ್ಮ ಕೈಯಲ್ಲಿಲ್ಲ, ಹಿಂದೆ ಬಂದ ಸೋಂಕನ್ನು ಅಳಿಸಲೂ ಆಗುವುದಿಲ್ಲ. ಬದಲಾಯಿಸಲು ಆಗುವುದು ಆ ನಲ್ಲಿಯ ನೀರನ್ನು, ಡ್ರಮ್ಮಿನ ಮುಚ್ಚಳವನ್ನು.

ನಮ್ಮ ಕೈಯಲ್ಲಿರುವ ಮತ್ತೊಂದು, ಜ್ವರ ಬಿಟ್ಟ ಮೇಲಿನ ಎರಡು ದಿನ. ನಾವೆಲ್ಲ ಎಡವುವುದು ಅಲ್ಲೇ. ಜ್ವರ ಇಳಿಯುವ ಹೊತ್ತಿಗೇ ಸೋರಿಕೆ ಶುರುವಾಗುತ್ತದೆ. ಬಿಡದ ಹೊಟ್ಟೆ ನೋವು, ಮತ್ತೆ ಮತ್ತೆ ವಾಂತಿ, ವಸಡಿನಲ್ಲಿ ರಕ್ತ, ಮಂಕು, ತಣ್ಣನೆ ಕೈಕಾಲು, ಮೂತ್ರ ಕಮ್ಮಿಯಾಗುವುದು ಕಂಡರೆ ಬೆಳಗಾಗಲಿ ಅಂತ ಕಾಯಬೇಡಿ. ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ. ಐಬುಪ್ರೊಫೆನ್, ಡೈಕ್ಲೊಫೆನಾಕ್, ಆಸ್ಪಿರಿನ್ ಬೇಡ, ರಕ್ತಸ್ರಾವ ಜಾಸ್ತಿ ಮಾಡುತ್ತವೆ. ಪ್ಲೇಟ್‌ಲೆಟ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ, ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಎಷ್ಟು ಅಂತ ಯಾರೂ ಕೇಳುವುದಿಲ್ಲ. ರಕ್ತ ಗಟ್ಟಿಯಾಗುತ್ತಿದೆಯಾ ಎಂದು ಹೇಳುವುದು ಪಿಸಿವಿ. ಸಿಂಗಪುರ ಮತ್ತು ಮಲೇಷ್ಯಾದಲ್ಲಿ 372 ವಯಸ್ಕರ ಮೇಲೆ ಪ್ರಯೋಗ ಮಾಡಿ ನೋಡಿದ್ದಾರೆ. ರಕ್ತಸ್ರಾವ ಇಲ್ಲದಿದ್ದರೂ ಮುಂಚೆಯೇ ಪ್ಲೇಟ್‌ಲೆಟ್ ಏರಿಸಿದ್ದರಿಂದ ರಕ್ತಸ್ರಾವ ಕಮ್ಮಿಯಾಗಲಿಲ್ಲ. ಪರಂಗಿ ಎಲೆ ರಸಕ್ಕಾಗಿ ಊರೆಲ್ಲ ಓಡಾಡುವ ಹೊತ್ತನ್ನು ಮಗುವಿಗೆ ಚಮಚ ಚಮಚ ಓಆರ್‌ಎಸ್, ಗಂಜಿ ತಿಳಿ, ಎಳನೀರು ಕುಡಿಸಲು ಕೊಡಿ. ವಾಂತಿ ಮಾಡುವ ಮಗುವಿಗೆ ಕಹಿ ರಸ ಹಾಕಿ, ಒಳಗಿದ್ದ ನೀರೂ ಹೊರಗೆ ಬಂದದ್ದನ್ನು ಅದೇ ವಾರ್ಡಿನಲ್ಲಿ ನೋಡಿದ್ದೇನೆ.

ಅತ್ತಿಗೆ ಆಮೇಲೆ ಎರಡು ರೂಪಾಯಿಯ ಪ್ಲಾಸ್ಟಿಕ್ ಕವರಿನಲ್ಲಿ ಮಗಳ ರಿಪೋರ್ಟನ್ನು ಹಾಕಿ, ಲಸಿಕೆ ಕಾರ್ಡಿನ ಜೊತೆ ಬೀರುವಿನಲ್ಲಿಟ್ಟರು. ಮೇಲೆ ಪೆನ್ನಿನಲ್ಲಿ ಬರೆದಿದ್ದಾರೆ: "ಡೆಂಗಿ, ಎರಡನೇ ಸಲ, 2024 ಜುಲೈ. ಮೊದಲ ಸಲ ನಾಲ್ಕು ವರ್ಷ ಇದ್ದಾಗ, ಅಜ್ಜಿ ಮನೆ." ಕಳೆದ ಮಳೆಗಾಲ ಮಗಳಿಗೆ ಸಣ್ಣ ಜ್ವರ ಬಂದಾಗ ಆ ಕವರ್ ಹಿಡಿದುಕೊಂಡೇ ಕ್ಲಿನಿಕ್ಕಿಗೆ ಹೋದರು. ಹೊಸ ಡಾಕ್ಟರು ಇನ್ನೂ ಏನೂ ಕೇಳುವ ಮೊದಲೇ ಅದನ್ನು ಅವರ ಮುಂದಿಟ್ಟರು.